ಗಾಡಿ ನಿಲ್ಲಿಸಿಕೊಂಡು ಒಳಗೇ ಕೂತು ಕೆಲಸ ಮಾಡುವವರು ಎಂಥ ಲ್ಯಾಪ್‌ಟಾಪ್ ತಗೋಬೇಕು?

ನಾನು ವ್ಯಾಪಾರಸ್ಥರ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಗಿರಾಕಿಗಳು ಮಾತ್ರ ಬ್ಯಾಡಗಿ, ರಾಣೆಬೆನ್ನೂರು, ಅಣ್ಣಿಗೇರಿ, ಗದಗ ಅಂತ ಹರಡಿಕೊಂಡಿದ್ದಾರೆ. ದಲಾಲಿ ಅಂಗಡಿಗೆ ಹೋಗಿ ನನಗೊಂದು ಟೇಬಲ್ ಕೊಡಿ ಅಂತ ಕೇಳುವುದಕ್ಕೆ ಆಗಲ್ಲ. ಅಲ್ಲಿ ಚೀಲ ಇಳಿಸುವವರು, ತೂಕದವರು, ರೈತರು ಎಲ್ಲರೂ ಒಂದೇ ಕಟ್ಟೆಯ ಮೇಲೆ ಇರುತ್ತಾರೆ. ಹಾಗಾಗಿ ಬಿಲ್ಲಿನ ಕಟ್ಟು ಇಸಿದುಕೊಂಡು ಬಂದು ಕಾರಿನಲ್ಲೇ ಕೂತು ಎಂಟ್ರಿ ಮಾಡುತ್ತೇನೆ. ತಿಂಗಳ 20ನೇ ತಾರೀಖು ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ರಿಟರ್ನ್ ಕೊಡುವ ಕೊನೆಯ ದಿನ, ಅವತ್ತಂತೂ ಕಾರೇ ನನ್ನ ಆಫೀಸು.

ಹೀಗೆ ಕೂರುವವರು ನಾನೊಬ್ಬನೇ ಅಲ್ಲ. ಧಾರವಾಡದ ಹೈಕೋರ್ಟ್ ಪೀಠದ ಹೊರಗೆ ಕಾರಿನಲ್ಲಿ ಕೂತು ಟೈಪ್ ಮಾಡುವ ವಕೀಲರನ್ನು ನೋಡಿದ್ದೇನೆ. ಆಸ್ಪತ್ರೆಯ ಹೊರಗೆ ಕಾಯುತ್ತಾ ಕಂಪನಿ ಕೆಲಸ ಮುಗಿಸುವ ಹುಡುಗರಿದ್ದಾರೆ, ಸೈಟ್ ನೋಡಲು ಹೋಗುವ ಸಿವಿಲ್ ಎಂಜಿನಿಯರ್‌ಗಳಿದ್ದಾರೆ. ಇವರೆಲ್ಲ ಲ್ಯಾಪ್‌ಟಾಪ್ ತಗೊಳ್ಳುವಾಗ ಮೊದಲು ಕೇಳುವುದು ಪ್ರೊಸೆಸರ್ ಯಾವುದು ಅಂತ. ನಾನೂ ಮೊದಲ ಸಲ ಅದನ್ನೇ ಕೇಳಿದ್ದೆ. ಅಂಗಡಿಯವರು "ಇದರಾಗ ಎಲ್ಲಾ ಬರ್ತದರಿ ಸರ, ಕಣ್ಣು ಮುಚ್ಚಿ ತಗೋರಿ" ಅಂದರು. 15.6 ಇಂಚಿನ, ಎರಡು ಕೆಜಿಗೂ ಜಾಸ್ತಿ ತೂಕದ, ಆಟ ಆಡುವವರಿಗಾಗಿ ಮಾಡಿದ ಯಂತ್ರ ಕೊಟ್ಟರು. ಅದು ಕೆಟ್ಟ ಯಂತ್ರ ಅಲ್ಲ. ಆದರೆ ನನ್ನ ಕಾರಿನ ಸೀಟಿನಲ್ಲಿ ಅದರ ಮುಚ್ಚಳವೇ ಪೂರ್ತಿ ತೆರೆಯುತ್ತಿರಲಿಲ್ಲ. ಎರಡು ವರ್ಷ ಒದ್ದಾಡಿದ ಮೇಲೆ ಗೊತ್ತಾಯಿತು, ಇಲ್ಲಿ ಲ್ಯಾಪ್‌ಟಾಪ್ ಆರಿಸುವುದು ನಾವಲ್ಲ, ನಮ್ಮ ಗಾಡಿ. ಸೀಟು, ಬಿಸಿಲು, ಕರೆಂಟು ಈ ಮೂರನ್ನು ಮೊದಲು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಮೊದಲ ಹೆಜ್ಜೆ: ರಟ್ಟು ಕತ್ತರಿಸಿ, ಸೀಟಿನಲ್ಲಿ ಕೂತು ನೋಡಿ

ಇದಕ್ಕೆ ದುಡ್ಡು ಬೇಕಾಗಿಲ್ಲ. ಒಂದು ಹಳೆಯ ರಟ್ಟಿನ ಡಬ್ಬಿ ತಗೊಳ್ಳಿ. 14 ಇಂಚಿನ ಲ್ಯಾಪ್‌ಟಾಪ್ ಸುಮಾರು 32 ಸೆಂಟಿಮೀಟರ್ ಅಗಲ, 22 ಸೆಂಟಿಮೀಟರ್ ಉದ್ದ ಇರುತ್ತದೆ. 15.6 ಇಂಚಿನದು ಸುಮಾರು 36 ಅಗಲ, 24 ಉದ್ದ. ಎರಡೂ ಅಳತೆಯಲ್ಲಿ ಎರಡೆರಡು ತುಂಡು ಕತ್ತರಿಸಿ, ಒಂದು ಅಂಚಿಗೆ ಟೇಪ್ ಹಚ್ಚಿ ಪುಸ್ತಕದಂತೆ ಜೋಡಿಸಿ. ಈಗ ಅದನ್ನು ಹಿಡಿದುಕೊಂಡು ನಿಮ್ಮ ಗಾಡಿಯಲ್ಲಿ ನೀವು ದಿನಾ ಎಲ್ಲಿ ಕೂರುತ್ತೀರೋ ಅಲ್ಲೇ ಕೂರಿ.

ಡ್ರೈವರ್ ಸೀಟಿನಲ್ಲಿ ಕೂತು ತೊಡೆಯ ಮೇಲಿಟ್ಟು ಮುಚ್ಚಳ ತೆರೆಯಿರಿ. ಸ್ಟೇರಿಂಗಿಗೆ ಬಡಿಯುತ್ತದೆಯಾ? ಸಣ್ಣ ಕಾರಿನಲ್ಲಿ 15.6 ಇಂಚಿನದು ಖಂಡಿತ ಬಡಿಯುತ್ತದೆ. ಪರದೆ 90 ಡಿಗ್ರಿಗಿಂತ ಹಿಂದಕ್ಕೆ ಹೋಗದಿದ್ದರೆ ನೀವು ಕತ್ತು ಬಗ್ಗಿಸಿಕೊಂಡೇ ಕೆಲಸ ಮಾಡಬೇಕು, ಅರ್ಧ ಗಂಟೆಗೆ ಹೆಗಲು ಹಿಡಿದುಕೊಳ್ಳುತ್ತದೆ. ಪಕ್ಕದ ಸೀಟಿಗೆ ಬನ್ನಿ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ನೋಡಿ. ಅಲ್ಲಿ ಸ್ಟೇರಿಂಗ್ ಇಲ್ಲ, ಕಾಲಿಗೂ ಜಾಗ ಇದೆ. ನಾನು ಈಗ ಕೂರುವುದು ಅಲ್ಲೇ. ಹಿಂದಿನ ಸೀಟೂ ಒಳ್ಳೆಯದೇ, ಮುಂದಿನ ಸೀಟನ್ನು ಮುಂದಕ್ಕೆ ಸರಿಸಿಕೊಂಡರೆ ಒಂದು ಸಣ್ಣ ಕೋಣೆಯೇ ಆಗುತ್ತದೆ, ಆದರೆ ಹೆಚ್ಚಿನ ಕಾರುಗಳಲ್ಲಿ ಚಾರ್ಜಿಂಗ್ ಸಾಕೆಟ್ ಅಲ್ಲಿಯವರೆಗೆ ಬಂದಿರುವುದಿಲ್ಲ.

ಸ್ಟೇರಿಂಗಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಟ್ರೇ ಸಿಗುತ್ತದೆ. 13 ಅಥವಾ 14 ಇಂಚಿನ ಹಗುರ ಲ್ಯಾಪ್‌ಟಾಪ್ ಇದ್ದರೆ ನಡೆಯುತ್ತದೆ. ಗಾಡಿ ಚಾಲೂ ಮಾಡುವ ಮೊದಲು ಅದನ್ನು ತೆಗೆದು ಹಿಂದಿನ ಸೀಟಿಗೆ ಹಾಕುವುದು ಮರೆಯಬೇಡಿ, ಅದರ ಹಿಂದೆಯೇ ಏರ್‌ಬ್ಯಾಗ್ ಇರುತ್ತದೆ.

ಟ್ರೇಗಿಂತ ನನಗೆ ಇಷ್ಟವಾದದ್ದು ಮಣೆ. ಮನೆ ಹತ್ತಿರದ ಬಡಗಿಯ ಹತ್ತಿರ 40 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ 9 ಎಂಎಂ ಪ್ಲೈವುಡ್ ತುಂಡು ಕತ್ತರಿಸಿ, ಅಂಚು ಉಜ್ಜಿಸಿ, ತಳಕ್ಕೆ ಹಳೆಯ ಯೋಗಾ ಮ್ಯಾಟ್ ಅಂಟಿಸಿಕೊಂಡೆ. ತೊಡೆಯ ಮೇಲೆ ಜಾರಲ್ಲ. ಲ್ಯಾಪ್‌ಟಾಪಿನ ತಳಕ್ಕೆ ಗಾಳಿ ಆಡುತ್ತದೆ. ಬಲಗಡೆ ಉಳಿಯುವ ಜಾಗದಲ್ಲಿ ಒಂದು ಸಣ್ಣ ನಂಬರ್ ಪ್ಯಾಡ್ ಕೂರುತ್ತದೆ. ಈ ನಂಬರ್ ಪ್ಯಾಡಿನ ವಿಷಯ ಹೇಳಲೇಬೇಕು. ಲೆಕ್ಕದವರೆಲ್ಲ ದೊಡ್ಡ ಲ್ಯಾಪ್‌ಟಾಪ್ ತಗೊಳ್ಳುವುದೇ ಕೀಬೋರ್ಡಿನಲ್ಲಿ ಆ ಅಂಕಿಗಳ ಸಾಲು ಸಿಗುತ್ತದೆ ಅಂತ. ಅದೇ ಅಂಕಿಗಳು ಬೇರೆಯಾಗಿ ಯುಎಸ್‌ಬಿ ವೈರಿನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತವೆ. ಅದಕ್ಕಾಗಿ ಇಡೀ ಯಂತ್ರವನ್ನು ದೊಡ್ಡದು ಮಾಡಿಕೊಳ್ಳಬೇಡಿ.

ಬೆನ್ನಿಗೆ ಕಡ್ಡಿ ಕೊಟ್ಟು ನಿಲ್ಲಿಸುವ ಟ್ಯಾಬ್ಲೆಟ್ ಮಾದರಿಯವು ಕಾರಿಗೆ ಆಗಿಬರುವುದಿಲ್ಲ. ಟೇಬಲ್ ಮೇಲೆ ಚೆನ್ನ, ತೊಡೆಯ ಮೇಲೆ ಅಲ್ಲಾಡುತ್ತವೆ. ಗಟ್ಟಿ ಕೀಲಿನ ಮಾಮೂಲಿ ಲ್ಯಾಪ್‌ಟಾಪೇ ಬೇಕು. ಸಾಧ್ಯವಾದರೆ ಪರದೆ 180 ಡಿಗ್ರಿ ಹಿಂದಕ್ಕೆ ಮಲಗುವಂಥದ್ದು ನೋಡಿ. ತೂಕ 1.5 ಕೆಜಿ ಒಳಗಿರಲಿ.

ಎರಡನೇ ಹೆಜ್ಜೆ: ಕರೆಂಟಿನ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜನ ಜಾಸ್ತಿ ತಪ್ಪು ಮಾಡುವುದು ಇಲ್ಲೇ.

ಎರಡು ಬ್ಯಾಟರಿಗಳಿವೆ, ಒಂದು ಲ್ಯಾಪ್‌ಟಾಪಿನದು, ಇನ್ನೊಂದು ಕಾರಿನದು. ಲ್ಯಾಪ್‌ಟಾಪ್ ಬ್ಯಾಟರಿಯನ್ನು ವ್ಯಾಟ್-ಅವರ್ ಲೆಕ್ಕದಲ್ಲಿ ಅಳೆಯುತ್ತಾರೆ. "10 ಗಂಟೆ ಬರುತ್ತದೆ" ಅನ್ನುವ ಜಾಹೀರಾತಿನ ಮಾತು ಬಿಡಿ, ಈ ಅಂಕಿ ಎಷ್ಟು ಅಂತ ಕೇಳಿ. ಅಗ್ಗದವುಗಳಲ್ಲಿ 40ರ ಆಸುಪಾಸು ಇರುತ್ತದೆ, ಒಳ್ಳೆಯವುಗಳಲ್ಲಿ 50ರಿಂದ 70. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಎಕ್ಸೆಲ್, ಬ್ರೌಸರ್ ಇಷ್ಟೇ ಕೆಲಸವಾದರೆ ಈಗಿನ ಹಗುರ ಲ್ಯಾಪ್‌ಟಾಪ್ 8ರಿಂದ 15 ವ್ಯಾಟ್ ತಿನ್ನುತ್ತದೆ. 50 ವ್ಯಾಟ್-ಅವರ್ ಬ್ಯಾಟರಿ ಇದ್ದು 10 ವ್ಯಾಟ್ ತಿಂದರೆ 5 ಗಂಟೆ. ಬಿಸಿಲಿನಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿರುತ್ತೀರಿ, ಹಾಟ್‌ಸ್ಪಾಟ್ ಹಚ್ಚಿರುತ್ತೀರಿ, ಅದಕ್ಕೆ 4 ಗಂಟೆ ಅಂತ ಹಿಡಿಯಿರಿ. ಮುಂಜಾನೆ ಹತ್ತಕ್ಕೆ ಕೂತರೆ ಊಟದ ಹೊತ್ತಿನವರೆಗೆ ಸಾಕು.

ಈಗ ಕಾರಿನ ಬ್ಯಾಟರಿ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ 35 ಆಂಪ್-ಅವರ್ ಬ್ಯಾಟರಿ ಸಾಮಾನ್ಯ. 12 ವೋಲ್ಟಿಗೆ ಗುಣಿಸಿದರೆ 420 ವ್ಯಾಟ್-ಅವರ್. ಅಯ್ಯೋ, ಎಂಟು ಲ್ಯಾಪ್‌ಟಾಪ್‌ಗಾಗುವಷ್ಟು ಇದೆಯಲ್ಲ ಅನಿಸುತ್ತದೆ. ಆದರೆ ಅದು ಇರುವುದು ಎಂಜಿನ್‌ಗೆ ಒಂದು ಜೋರಾದ ಏಟು ಕೊಟ್ಟು ಚಾಲೂ ಮಾಡುವುದಕ್ಕೆ, ನಿಧಾನವಾಗಿ ಬಸಿದುಕೊಳ್ಳುವುದಕ್ಕಲ್ಲ. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಒಳಗಿನ ಪ್ಲೇಟುಗಳು ಹಾಳಾಗುತ್ತವೆ. ಎಂಜಿನ್ ಬಂದ್ ಇಟ್ಟು 65 ವ್ಯಾಟ್ ಚಾರ್ಜರ್ ಪೂರ್ತಿ ಎಳೆಯುತ್ತಿದ್ದರೆ ಕಾರಿನ ಬ್ಯಾಟರಿಯಿಂದ ಸುಮಾರು 6 ಆಂಪ್ ಹೋಗುತ್ತದೆ. ಎರಡು ಗಂಟೆಗೆ 12 ಆಂಪ್-ಅವರ್, ಅಂದರೆ ಮೂರನೇ ಒಂದು ಪಾಲು ಖಾಲಿ. ಜೊತೆಗೆ ಕೀ ತಿರುಗಿಸಿಟ್ಟು ಫ್ಯಾನ್, ಹಾಡು ಹಚ್ಚಿದ್ದರೆ ಕೇಳುವುದೇ ಬೇಡ.

ನನಗೆ ಇದು ಗದಗಿನ ಎಪಿಎಂಸಿಯಲ್ಲಿ ತಿಳಿಯಿತು. ಸಂಜೆ ಆರಕ್ಕೆ ಕೀ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು ಬಂತು, ಅಷ್ಟೇ. ಮೀಟರಿನ ದೀಪಗಳು ಮಂದವಾಗಿ ಹೊತ್ತಿ ಆರಿದವು. ಪಕ್ಕದ ಅಂಗಡಿಯ ಬೊಲೆರೊ ತಂದು ಕೇಬಲ್ ಹಚ್ಚಿದ ಡ್ರೈವರ್, "ಯಣ್ಣಾ, ನಾಲ್ಕ್ ವರ್ಷದ ಬ್ಯಾಟರಿ ಇದು, ಇದರ ಮ್ಯಾಲೆ ಇಷ್ಟ್ ಭಾರ ಹಾಕಿದ್ರ ಹೆಂಗ್ ತಡೀತೈತಿ" ಅಂದರು. ಅವರು ಹೇಳಿದ್ದು ಸರಿ. ಹಳೆಯ ಬ್ಯಾಟರಿಗೆ 35 ಅಂತ ಬರೆದಿದ್ದರೂ ಒಳಗೆ ಅಷ್ಟು ಉಳಿದಿರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಓಡುವಾಗ ಚಾರ್ಜ್ ಮಾಡಿ, ನಿಂತಾಗ ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ಕೆಲಸ ಮಾಡಿ. ಹುಬ್ಬಳ್ಳಿಯಿಂದ ಗದಗಿಗೆ ಒಂದು ಗಂಟೆಗಿಂತ ಜಾಸ್ತಿ ದಾರಿ, ಬ್ಯಾಡಗಿಗೆ ಒಂದೂವರೆ ಗಂಟೆ. ಎಂಜಿನ್ ಓಡುವಾಗ ಅದರಿಂದ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಕರೆಂಟು ಕೊಡುತ್ತಿರುತ್ತದೆ, ಕಾರಿನ ಬ್ಯಾಟರಿಗೆ ಏನೂ ಭಾರ ಇಲ್ಲ. 65 ವ್ಯಾಟ್ ಚಾರ್ಜರ್ ಇದ್ದರೆ ಒಂದು ಗಂಟೆಯ ದಾರಿಯಲ್ಲಿ 50 ವ್ಯಾಟ್-ಅವರ್ ಬ್ಯಾಟರಿಯ ಬಹುಪಾಲು ತುಂಬುತ್ತದೆ. ಹುಬ್ಬಳ್ಳಿ-ಧಾರವಾಡ ಮಾತ್ರ ಓಡಾಡುವವರಿಗೆ ದಾರಿ 20 ಕಿಲೋಮೀಟರ್ ಅಷ್ಟೇ, ಅರ್ಧ-ಮುಕ್ಕಾಲು ಗಂಟೆಯಲ್ಲಿ ಪೂರ್ತಿ ತುಂಬಲ್ಲ. ಅಂಥವರು 60-70 ವ್ಯಾಟ್-ಅವರ್ ಇರುವುದನ್ನೇ ನೋಡಬೇಕು, ಮನೆಯಲ್ಲಿ ತುಂಬಿಸಿಕೊಂಡು ಹೊರಡಬೇಕು.

ಇದಕ್ಕಾಗಿಯೇ ಲ್ಯಾಪ್‌ಟಾಪ್ ಟೈಪ್-ಸಿ ಪೋರ್ಟಿನಿಂದ ಚಾರ್ಜ್ ಆಗಲೇಬೇಕು ಅಂತ ನಾನು ಹೇಳುವುದು. ಇದರಲ್ಲಿ ರಾಜಿ ಬೇಡ. ಟೈಪ್-ಸಿ ಪೋರ್ಟ್ ಇದ್ದರೆ ಸಾಲದು, ಕೆಲವು ಮಾಡೆಲ್‌ಗಳಲ್ಲಿ ಅದು ಬರೀ ಪೆನ್ ಡ್ರೈವ್ ಹಾಕುವುದಕ್ಕೆ ಇರುತ್ತದೆ. "ಪಿಡಿ ಚಾರ್ಜಿಂಗ್ ಇದೆಯಾ, ಎಷ್ಟು ವ್ಯಾಟ್" ಅಂತ ಕೇಳಿ (ಪಿಡಿ ಅಂದರೆ ಪವರ್ ಡೆಲಿವರಿ, ಟೈಪ್-ಸಿಯಲ್ಲಿ ಜಾಸ್ತಿ ಕರೆಂಟು ಕೊಡುವ ರೀತಿ), ಆಗಲೇ ಅಂಗಡಿಯಲ್ಲಿ ಒಂದು 65 ವ್ಯಾಟಿನ ಟೈಪ್-ಸಿ ಚಾರ್ಜರ್ ಹಚ್ಚಿಸಿ ನೋಡಿ. ಆಮೇಲೆ ಕಾರಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ ಪಿಡಿ ಚಾರ್ಜರ್ ತಗೊಳ್ಳಿ. ಅದರ ಮೇಲೆ ದೊಡ್ಡದಾಗಿ 100 ವ್ಯಾಟ್ ಅಂತ ಬರೆದಿದ್ದರೂ ಅದು ಎರಡು-ಮೂರು ಪೋರ್ಟ್‌ಗಳ ಮೊತ್ತ ಇರಬಹುದು. ಒಂದೇ ಟೈಪ್-ಸಿ ಪೋರ್ಟಿನಲ್ಲಿ 20 ವೋಲ್ಟ್, 3.25 ಆಂಪ್ ಬರುತ್ತದೆಯಾ ಅಂತ ಸಣ್ಣ ಅಕ್ಷರದಲ್ಲಿ ಓದಿ. ಕೇಬಲ್ಲೂ 5 ಆಂಪ್ ತಡೆಯುವಂಥದ್ದೇ ಬೇಕು. ಮಾಮೂಲಿ ಫೋನ್ ಕೇಬಲ್ 3 ಆಂಪ್‌ಗೆ ನಿಲ್ಲುತ್ತದೆ, ಅಂದರೆ 60 ವ್ಯಾಟ್ ಮೇಲೆ ಹೋಗಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಕಾರಿನವರೇ ಕೊಟ್ಟಿರುವ ಟೈಪ್-ಸಿ ಪೋರ್ಟ್ ಹೆಚ್ಚಾಗಿ ಫೋನಿಗೆ ಮಾತ್ರ. ಅದನ್ನು ನಂಬಿ ಕೂರಬೇಡಿ. 12 ವೋಲ್ಟ್ ಸಾಕೆಟ್‌ನ ಫ್ಯೂಸ್ ಎಷ್ಟು ಆಂಪ್ ಅಂತಲೂ ಕಾರಿನ ಪುಸ್ತಕದಲ್ಲಿ ನೋಡಿ. 10 ಆಂಪ್ ಇದ್ದರೆ 120 ವ್ಯಾಟ್ ಮಿತಿ. 180 ವ್ಯಾಟ್ ಅಡಾಪ್ಟರ್ ಬೇಡುವ ಗೇಮಿಂಗ್ ಲ್ಯಾಪ್‌ಟಾಪ್ ಇಲ್ಲಿಗೇ ಪಟ್ಟಿಯಿಂದ ಹೊರಗೆ ಹೋಯಿತು.

ಇನ್ವರ್ಟರ್ ಹಾಕಿ ಮನೆಯ ಚಾರ್ಜರ್ ಹಚ್ಚುತ್ತೇನೆ ಅನ್ನುವವರಿದ್ದಾರೆ. 12 ವೋಲ್ಟನ್ನು 230 ಮಾಡಿ, ಮತ್ತೆ ಅದನ್ನು 20ಕ್ಕೆ ಇಳಿಸಿ, ಎರಡೂ ಕಡೆ ಕರೆಂಟು ಶಾಖವಾಗಿ ಪೋಲು. ಮೇಲೆ ಅದರ ಫ್ಯಾನ್ ಸದ್ದು. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ.

ಪವರ್ ಬ್ಯಾಂಕ್ ಒಳ್ಳೆಯ ಆಸರೆ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ಲ್ಯಾಪ್‌ಟಾಪಿಗೆ ಮುಟ್ಟುವುದು 60ರ ಸುಮಾರು. ಆದರೆ ಔಟ್‌ಪುಟ್ 45 ಅಥವಾ 65 ವ್ಯಾಟ್ ಇರಬೇಕು. 22.5 ವ್ಯಾಟಿನ ಫೋನ್ ಪವರ್ ಬ್ಯಾಂಕ್ ಹಚ್ಚಿದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಚಾರ್ಜ್ ತಗೊಳ್ಳುವುದೇ ಇಲ್ಲ.

ಇನ್ನೊಂದು ಸಣ್ಣ ಸಾಮಾನು ತಗೊಳ್ಳಿ: ಸಾಕೆಟ್‌ಗೆ ಹಾಕುವ ವೋಲ್ಟ್ ಮೀಟರ್. ಎಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. ನಾನು 12.3ಕ್ಕೆ ವೈರ್ ಕಿತ್ತುಬಿಡುತ್ತೇನೆ.

ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ತಾಸುಗಟ್ಟಲೆ ಕೂರುವವರಿಗೆ ಒಂದು ಮಾತು. ಶೆಡ್, ಗೋಡೌನ್, ಬೇಸ್‌ಮೆಂಟ್ ಪಾರ್ಕಿಂಗ್, ಇಂಥ ಮುಚ್ಚಿದ ಜಾಗದಲ್ಲಿ ದಯವಿಟ್ಟು ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದಂತೆ ಅನಿಸಿ ಜೀವ ಹೋಗುತ್ತದೆ. ಬಯಲಿನಲ್ಲಿ ನಿಲ್ಲಿಸಿದ್ದರೂ ಕಿಟಕಿ ಸ್ವಲ್ಪ ಇಳಿಸಿಟ್ಟು, ನಡುನಡುವೆ ಬಂದ್ ಮಾಡಿ ಹೊರಗೆ ಅಡ್ಡಾಡಿ ಬನ್ನಿ.

ಮೂರನೇ ಹೆಜ್ಜೆ: ಪರದೆಯನ್ನು ಬಿಸಿಲಿಗೆ ಹಿಡಿದು ನೋಡಿ

ಪರದೆಯ ಬೆಳಕನ್ನು ನಿಟ್ಸ್ ಅಂತ ಅಳೆಯುತ್ತಾರೆ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ 250 ನಿಟ್ಸ್ ಸಾಮಾನ್ಯ. ಮನೆಯ ಟ್ಯೂಬ್‌ಲೈಟ್ ಕೆಳಗೆ ಇದು ಚೆಂದವಾಗಿ ಕಾಣುತ್ತದೆ, ಕಾರಿನಲ್ಲಿ ನಾಲ್ಕೂ ಕಡೆ ಗಾಜಿನಿಂದ ಬೆಳಕು ಬೀಳುವಾಗ ಅಂಕಿಗಳು ಮಾಸಿಹೋಗುತ್ತವೆ. 3 ಮತ್ತು 8ರ ವ್ಯತ್ಯಾಸ ತಿಳಿಯದೆ ಒಂದು ಸಲ ನಾನು ಒಂದು ಇಡೀ ಬಿಲ್ ತಪ್ಪು ಎಂಟ್ರಿ ಮಾಡಿದ್ದೆ, ರಾತ್ರಿ ತಾಳೆ ಹಾಕುವಾಗ ಸಿಕ್ಕಿತು. 400 ನಿಟ್ಸ್ ಇರಲಿ, 500 ಇದ್ದರೆ ಇನ್ನೂ ಒಳ್ಳೆಯದು. 300 ಇದ್ದರೆ ನೆರಳಿನಲ್ಲಿ ಹೇಗೋ ಸಾಗುತ್ತದೆ.

ಬೆಳಕಿನಷ್ಟೇ ಮುಖ್ಯ ಪರದೆಯ ಮೈ. ಕನ್ನಡಿಯಂತೆ ಹೊಳೆಯುವ ಪರದೆಯಲ್ಲಿ ನಿಮ್ಮ ಬಿಳಿ ಅಂಗಿಯೇ ಅಡ್ಡ ಬಂದು ನಿಲ್ಲುತ್ತದೆ. ಹೊಳಪಿಲ್ಲದ ಮ್ಯಾಟ್ ಪರದೆ ತಗೊಳ್ಳಿ. ಪ್ಯಾನೆಲ್ ಐಪಿಎಸ್ ಇರಲಿ, ಕಾರಿನಲ್ಲಿ ಪರದೆಯನ್ನು ಯಾವಾಗಲೂ ನೇರಕ್ಕೆ ಇಟ್ಟುಕೊಳ್ಳಲು ಆಗಲ್ಲ, ಓರೆಯಿಂದ ನೋಡಿದರೂ ಬಣ್ಣ ಕೆಡಬಾರದು.

ಅಂಗಡಿಯಲ್ಲಿ ನೋಡುವ ರೀತಿ ಹೀಗೆ. ಲ್ಯಾಪ್‌ಟಾಪನ್ನು ಬಾಗಿಲ ಹತ್ತಿರ, ರಸ್ತೆಯ ಬೆಳಕು ಬೀಳುವ ಕಡೆ ತರಲು ಹೇಳಿ. ಕೊಪ್ಪಿಕರ ರಸ್ತೆಯ ಮಧ್ಯಾಹ್ನದ ಬೆಳಕಿನಲ್ಲಿ ಒಂದು ಎಕ್ಸೆಲ್ ಹಾಳೆ ತೆರೆದು ಸಣ್ಣ ಅಂಕಿಗಳನ್ನು ಓದಿ. ಕೊಡುವವರು ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ತಂಪು ಕನ್ನಡಕ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಹಾಕಿಕೊಂಡು ನೋಡಿ, ಪೋಲರೈಸ್ಡ್ ಗಾಜಿನವುಗಳಿಂದ ಕೆಲವು ಪರದೆಗಳು ಒಂದು ಕೋನದಲ್ಲಿ ಕಪ್ಪಾಗಿಯೇ ಕಾಣುತ್ತವೆ.

ಗಾಡಿ ನಿಲ್ಲಿಸುವ ರೀತಿಯಿಂದಲೂ ಅರ್ಧ ಕೆಲಸ ಆಗುತ್ತದೆ. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಸನ್‌ಶೇಡ್ ಹಾಕಿ, ಗಾಡಿಯ ಮೂತಿಯನ್ನು ಸೂರ್ಯನ ಕಡೆಗೇ ಮಾಡಿ ನಿಲ್ಲಿಸಿ. ನೇರ ಬಿಸಿಲು ಆ ಶೇಡಿಗೆ ಬಡಿದು ನಿಲ್ಲುತ್ತದೆ, ಪಕ್ಕದ ಕಿಟಕಿಗಳಿಂದ ಬರುವುದಿಲ್ಲ. ಬೇವಿನ ಮರದ ನೆರಳು ಸಿಕ್ಕರೆ ಅದಕ್ಕಿಂತ ಪುಣ್ಯ ಇಲ್ಲ, ಆದರೆ ಎಲೆಗಳ ಸಂದಿಯಿಂದ ಬೀಳುವ ಚುಕ್ಕೆ ಬಿಸಿಲು ಪರದೆಯ ಮೇಲೆ ಕುಣಿಯುತ್ತದೆ, ಶೇಡ್ ಆಗಲೂ ಬೇಕು.

ನಾಲ್ಕನೇ ಹೆಜ್ಜೆ: ಸೆಕೆ, ಧೂಳು, ಮೆಣಸಿನಕಾಯಿ ಘಾಟು

ಹೆಚ್ಚಿನ ಲ್ಯಾಪ್‌ಟಾಪ್‌ಗಳನ್ನು ಕಂಪನಿಯವರು 35 ಡಿಗ್ರಿಯವರೆಗೆ ಕೆಲಸ ಮಾಡಲು ಅಂತ ಹೇಳಿರುತ್ತಾರೆ. ಗದಗ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 38ರ ಸುಮಾರು ಇರುತ್ತದೆ. ಕಿಟಕಿ ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಇನ್ನೂ 20 ಡಿಗ್ರಿ ಏರುತ್ತದೆ. ಆ ಬಿಸಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಮುದುಕಾಗುತ್ತದೆ. ಆದ್ದರಿಂದ ಊಟಕ್ಕೆ ಇಳಿಯುವಾಗ ಲ್ಯಾಪ್‌ಟಾಪನ್ನೂ ಪವರ್ ಬ್ಯಾಂಕನ್ನೂ ಕಾರಿನಲ್ಲಿ ಬಿಡಬೇಡಿ, ಚೀಲದಲ್ಲಿ ಹಾಕಿಕೊಂಡು ಖಾನಾವಳಿಗೇ ಒಯ್ಯಿರಿ. ಕಳ್ಳರ ಭಯವೂ ಅಲ್ಲಿಗೇ ತಪ್ಪಿತು. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಅಥವಾ ಒತ್ತಲು ಗಟ್ಟಿಯಾದರೆ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು, ತಕ್ಷಣ ಬಳಸುವುದು ನಿಲ್ಲಿಸಿ ಬದಲಾಯಿಸಿ.

ಬ್ಯಾಟರಿ ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸುವ ಸೆಟ್ಟಿಂಗ್ ಇರುವ ಮಾಡೆಲ್ ನೋಡಿ. ದೂರ ಹೋಗದ ದಿನಗಳಲ್ಲಿ ಅದನ್ನು ಹಾಕಿಟ್ಟರೆ ಬ್ಯಾಟರಿ ಜಾಸ್ತಿ ವರ್ಷ ಬಾಳುತ್ತದೆ.

ಧೂಳಿನ ಮಾತು. ಬ್ಯಾಡಗಿಯಲ್ಲಿ ಮಾರುಕಟ್ಟೆ ಜೋರಾಗಿರುವ ದಿನ ಕಾರಿನ ಗಾಜು ಇಳಿಸಿದರೆ ಮೊದಲು ಬರುವುದು ಸೀನು. ಗಾಳಿಯಲ್ಲೇ ಮೆಣಸಿನಕಾಯಿ ಇರುತ್ತದೆ. ಸಂಜೆ ನೋಡಿದರೆ ಡ್ಯಾಶ್‌ಬೋರ್ಡಿನ ಮೇಲೆ ತೆಳ್ಳಗೆ ಕೆಂಪು ಪುಡಿ, ಕೀಬೋರ್ಡಿನ ಸಂದಿಯಲ್ಲಿ ಒಂದೆರಡು ಬೀಜ. ನನ್ನ ಹಳೆಯ ಲ್ಯಾಪ್‌ಟಾಪ್ ಕೊರಕೊರ ಸದ್ದು ಮಾಡತೊಡಗಿದಾಗ ರಿಪೇರಿಯವರ ಮುಂದೆಯೇ ಕೂತಿದ್ದೆ. ತಳದ ಮುಚ್ಚಳ ಬಿಚ್ಚಿ ಫ್ಯಾನ್ ಎತ್ತಿದರು. ಹಿಂದಿನ ತಾಮ್ರದ ರೆಕ್ಕೆಗಳಿಗೆ ಧೂಳು, ಹತ್ತಿಯ ಎಳೆ, ಮೆಣಸಿನ ಪುಡಿ ಸೇರಿ ಕಂಬಳಿಯಂತೆ ಕಟ್ಟಿಕೊಂಡಿತ್ತು. ಬ್ರಷ್ ಆಡಿಸಿದ ಕೂಡಲೇ ಅವರೂ ಸೀನಿದರು, ನಾನೂ ಸೀನಿದೆ.

ಅದಕ್ಕೇ ಫ್ಯಾನ್ ಇಲ್ಲದ ಲ್ಯಾಪ್‌ಟಾಪ್ ಈ ಭಾಗದವರು ಯೋಚಿಸಬೇಕಾದ ಸಂಗತಿ. 2020ರ ಕೊನೆಗೆ ಬಂದ ಎಂ1 ಚಿಪ್ಪಿನಿಂದ ಈಚಿನ ಮ್ಯಾಕ್‌ಬುಕ್ ಏರ್‌ಗಳಿಗೆ ಫ್ಯಾನೇ ಇಲ್ಲ, ಬ್ಯಾಟರಿಯೂ ಚೆನ್ನಾಗಿ ಬರುತ್ತದೆ. ಬರೆಯುವವರು, ಬ್ರೌಸರಿನಲ್ಲೇ ಕೆಲಸ ಮಾಡುವವರು ಧಾರಾಳವಾಗಿ ತಗೋಬಹುದು. ಸೆಕೆಯಲ್ಲಿ ಭಾರದ ಕೆಲಸ ಕೊಟ್ಟರೆ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಅಷ್ಟೇ. ಆದರೆ ಟ್ಯಾಲಿ ಓಡುವುದು ವಿಂಡೋಸ್ ಮೇಲೆ. ಹಾಗಾಗಿ ನಾನು ಫ್ಯಾನ್ ಇರುವುದನ್ನೇ ತಗೊಂಡೆ, ಆದರೆ ತಳದ ಮುಚ್ಚಳ ಮಾಮೂಲಿ ಸ್ಕ್ರೂನಿಂದ ಬಿಚ್ಚುವಂಥದ್ದು ಹುಡುಕಿದೆ. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸುತ್ತೇನೆ.

ಧಾರವಾಡದ ಮಳೆಗಾಲಕ್ಕೂ ಒಂದು ಎಚ್ಚರಿಕೆ. ಎಸಿಯಲ್ಲಿ ತಣ್ಣಗಾದ ಲ್ಯಾಪ್‌ಟಾಪನ್ನು ಜುಲೈ ತಿಂಗಳ ಒದ್ದೆ ಗಾಳಿಗೆ ಒಮ್ಮೆಲೇ ತಂದರೆ ಅದರ ಮೇಲೆ ಹನಿ ಕಟ್ಟುತ್ತದೆ. ಚೀಲದಲ್ಲೇ ಹತ್ತಿಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ.

ಐದನೇ ಹೆಜ್ಜೆ: ಪೋರ್ಟ್, ಕೀಬೋರ್ಡ್, ನೆಟ್

ಡಿಜಿಟಲ್ ಸಹಿಯ ಟೋಕನ್ (ಪೆನ್ ಡ್ರೈವ್‌ನಂಥದ್ದು) ಬಳಸುವವರು ಹಳೆಯ ಅಗಲವಾದ ಯುಎಸ್‌ಬಿ ಪೋರ್ಟ್ ಎರಡು ಇವೆಯಾ ನೋಡಿಕೊಳ್ಳಿ. ಒಂದಕ್ಕೆ ಟೋಕನ್, ಇನ್ನೊಂದಕ್ಕೆ ನಂಬರ್ ಪ್ಯಾಡ್. ಬರೀ ಟೈಪ್-ಸಿ ಇರುವ ತೆಳ್ಳನೆಯ ಲ್ಯಾಪ್‌ಟಾಪಿಗೆ ಹಬ್ ಜೋತುಹಾಕಬೇಕಾಗುತ್ತದೆ, ಕಾರಿನಲ್ಲಿ ಅದು ಮೊಣಕೈಗೆ ತಾಗಿ ಕಿತ್ತು ಬರುತ್ತದೆ, ಸಹಿ ಅರ್ಧಕ್ಕೇ ನಿಲ್ಲುತ್ತದೆ. ಚಾರ್ಜಿಂಗ್ ಪೋರ್ಟ್ ಯಾವ ಪಕ್ಕದಲ್ಲಿದೆ ಅನ್ನುವುದೂ ಮುಖ್ಯ. ಎಡ ಸೀಟಿನಲ್ಲಿ ಕೂರುವವರಿಗೆ ಸಾಕೆಟ್ ಬಲಗಡೆ ಇರುತ್ತದೆ, ಪೋರ್ಟೂ ಬಲಕ್ಕಿದ್ದರೆ ವೈರ್ ಹೊಟ್ಟೆಯ ಮೇಲೆ ಹಾಯುವುದು ತಪ್ಪುತ್ತದೆ. ಎರಡೂ ಪಕ್ಕ ಟೈಪ್-ಸಿ ಇರುವ ಮಾಡೆಲ್ ಸಿಕ್ಕರೆ ಬಿಡಬೇಡಿ.

ಮೌಸ್‌ಗೆ ಜಾಗ ಇರಲ್ಲ. ದೊಡ್ಡ ಟಚ್‌ಪ್ಯಾಡ್ ಬೇಕು, ಇಲ್ಲವೇ ಥಿಂಕ್‌ಪ್ಯಾಡ್‌ಗಳಲ್ಲಿ ಕೀಬೋರ್ಡ್ ನಡುವೆ ಇರುವ ಆ ಕೆಂಪು ಗುಂಡಿ. ಮೊದಲ ವಾರ ಕಷ್ಟ, ಆಮೇಲೆ ಇಕ್ಕಟ್ಟಿನಲ್ಲಿ ಅದಕ್ಕಿಂತ ಸುಖ ಇಲ್ಲ. ಕೀಬೋರ್ಡಿಗೆ ಬೆಳಕೂ ಇರಲಿ. ಸಂಜೆ ಕಾರಿನ ಒಳದೀಪ ಹಚ್ಚಿಕೊಂಡರೆ ಹೊರಗಿನವರಿಗೆ ನಿಮ್ಮ ಪರದೆಯೆಲ್ಲ ಕಾಣುತ್ತದೆ, ಸೊಳ್ಳೆಯೂ ಬರುತ್ತದೆ.

ನೆಟ್‌ಗೆ ಫೋನಿನ ಹಾಟ್‌ಸ್ಪಾಟ್ ಸಾಕು. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ, ಹಳ್ಳಿ ದಾರಿಯಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿದರೆ ನೆಟ್ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಫೋನ್ ಚಾರ್ಜ್ ಆಗುವುದು ಲ್ಯಾಪ್‌ಟಾಪಿನ ಬ್ಯಾಟರಿಯಿಂದ. ಗಿರಾಕಿಗಳ ಲೆಕ್ಕ ನಮ್ಮ ಕೈಯಲ್ಲಿ ಇರುವುದರಿಂದ ಡಿಸ್ಕ್ ಎನ್‌ಕ್ರಿಪ್ಷನ್ (ಲ್ಯಾಪ್‌ಟಾಪ್ ಕದ್ದವರಿಗೂ ಒಳಗಿನದು ಓದಲು ಬಾರದಂತೆ ಹಾಕುವ ಬೀಗ) ಹಾಕಿಯೇ ಇಡಿ, ಅದರ ರಿಕವರಿ ಕೀಯನ್ನು ಮನೆಯಲ್ಲಿ ಬರೆದಿಡಿ.

ಪ್ರೊಸೆಸರ್ ಯಾವುದು ಬೇಕು?

ಇದಕ್ಕೆ ಉತ್ತರ ಚಿಕ್ಕದು. ಇಂಟೆಲ್ ಆಗಲಿ ಎಎಂಡಿ ಆಗಲಿ, ಹೆಸರಿನ ಕೊನೆಗೆ ಯು ಅಕ್ಷರ ಇದ್ದರೆ ಕಡಿಮೆ ಕರೆಂಟಿನದು, ಎಚ್ ಇದ್ದರೆ ಜಾಸ್ತಿ ತಿನ್ನುವಂಥದ್ದು. ಕಾರಿನ ಕೆಲಸಕ್ಕೆ ಯು ಸಾಕು. ರ‍್ಯಾಮ್ 16 ಜಿಬಿ, ಎಸ್‌ಎಸ್‌ಡಿ 512 ಜಿಬಿ. ತಿರುಗುವ ಹಾರ್ಡ್ ಡಿಸ್ಕ್ ಇರುವುದು ಬೇಡ, ನಮ್ಮ ರಸ್ತೆಗಳ ಕುಲುಕಾಟಕ್ಕೆ ಅದು ತಡೆಯಲ್ಲ. ವಿಡಿಯೊ ಎಡಿಟಿಂಗ್, ದೊಡ್ಡ ಡ್ರಾಯಿಂಗ್ ಮಾಡುವವರು ಆ ಕೆಲಸವನ್ನು ಮನೆಗೆ ಇಟ್ಟುಕೊಂಡು, ಕಾರಿನಲ್ಲಿ ನೋಡುವುದು-ತಿದ್ದುವುದು ಮಾತ್ರ ಮಾಡಿದರೆ ಒಳ್ಳೆಯದು.

ಹಳೆಯದು ತಗೋಬಹುದಾ?

ಖಂಡಿತ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಸಾಲಿನವು ಗಟ್ಟಿಯಾಗಿರುತ್ತವೆ, ಮ್ಯಾಟ್ ಪರದೆ ಇರುತ್ತದೆ, ಬಿಚ್ಚಿ ರಿಪೇರಿ ಮಾಡುವುದು ಸುಲಭ. ನಾನು ಈಗ ಬಳಸುತ್ತಿರುವುದೂ ಅಂಥದ್ದೇ 14 ಇಂಚಿನದು. ಎರಡು ವಿಷಯ ನೋಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದ್ದರಿಂದ ವಿಂಡೋಸ್ 11 ಓಡಲೇಬೇಕು. ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಅದರ ಮೇಲಿನದು ಬೇಕು. ಎರಡನೆಯದು ಬ್ಯಾಟರಿ. ಅಂಗಡಿಯವರಿಗೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಲು ಹೇಳಿ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಅಂತ ಎರಡು ಅಂಕಿ ಇರುತ್ತವೆ. ಮೊದಲನೆಯದು 50,000 ಇದ್ದು ಎರಡನೆಯದು 30,000 ಇದ್ದರೆ ನೂರರಲ್ಲಿ ಅರವತ್ತು ಮಾತ್ರ ಉಳಿದಿದೆ. ಆಗ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ.

ಹೊಸದಾದರೆ ವಾರಂಟಿ ಆನ್‌ಸೈಟ್ ಇದೆಯಾ, ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲೇ ಇದೆಯಾ ಅಥವಾ ಬೆಂಗಳೂರಿಗೆ ಕಳಿಸುತ್ತಾರಾ ಅಂತ ತಗೊಳ್ಳುವ ಮೊದಲೇ ಕೇಳಿ. ಬಿದ್ದು ಒಡೆದರೆ, ಚಹಾ ಚೆಲ್ಲಿದರೆ ಸೇರುವ ವಾರಂಟಿ ಬೇರೆ ದುಡ್ಡಿಗೆ ಸಿಗುತ್ತದೆ. ಕಾರಿನಲ್ಲಿ ಕೂತು ಚಹಾ ಕುಡಿಯುವವರು ಅದನ್ನು ತಗೊಳ್ಳುವುದೇ ಮೇಲು.

ತಗೊಂಡ ಮೊದಲ ವಾರ

ಆನ್‌ಲೈನ್‌ನಲ್ಲಿ ತಗೊಂಡಿದ್ದರೆ ವಾಪಸ್ ಅಥವಾ ಬದಲಿ ಕೊಡಲು ಕೆಲವೇ ದಿನ ಇರುತ್ತವೆ. ಅಷ್ಟರೊಳಗೆ ಒಂದು ದಿನ ನಿಜವಾಗಿ ಕೂತು ನೋಡಿ. ಉಣಕಲ್ ಕೆರೆಯ ಪಕ್ಕವೋ ಕೆಲಗೇರಿ ಕಡೆಯೋ ಗಾಡಿ ನಿಲ್ಲಿಸಿ, ಹತ್ತರಿಂದ ಎರಡರವರೆಗೆ ನಿಮ್ಮ ನಿಜವಾದ ಕೆಲಸ ಮಾಡಿ. ಗಂಟೆಗೊಮ್ಮೆ ಬ್ಯಾಟರಿ ಎಷ್ಟು ಉಳಿಯಿತು ಅಂತ ಚೀಟಿಯಲ್ಲಿ ಬರೆಯಿರಿ. ಹನ್ನೆರಡರ ಬಿಸಿಲಿಗೆ ಪರದೆ ಕಾಣುತ್ತದೆಯಾ, ತಳ ತೊಡೆಗೆ ಸುಡುತ್ತದೆಯಾ, ಮಣಿಕಟ್ಟು ನೋಯುತ್ತದೆಯಾ ನೋಡಿ. ವಾಪಸ್ ಬರುವಾಗ ಕಾರಿನ ಚಾರ್ಜರ್ ಹಚ್ಚಿ, ಮನೆ ಮುಟ್ಟುವಷ್ಟರಲ್ಲಿ ಎಷ್ಟು ಪರ್ಸೆಂಟ್ ಏರಿತು ನೋಡಿ.

ಅಂಗಡಿಯಲ್ಲಿ ತಗೊಂಡರೆ ಬಿಲ್ಲಿನ ಮೇಲೆ ಮಾಡೆಲ್ ನಂಬರ್ ಪೂರ್ತಿಯಾಗಿ ಬರೆಸಿಕೊಳ್ಳಿ, ಬರೀ ಹೆಸರು ಮತ್ತು 14 ಇಂಚು ಅಂತ ಬರೆದರೆ ಒಪ್ಪಬೇಡಿ. ಒಂದೇ ಹೆಸರಿನ ಲ್ಯಾಪ್‌ಟಾಪ್ 250 ನಿಟ್ಸ್‌ನದೂ ಇರುತ್ತದೆ, 400 ನಿಟ್ಸ್‌ನದೂ ಇರುತ್ತದೆ, ಮಾಡೆಲ್ ನಂಬರಿನ ಕೆಲವು ಅಕ್ಷರಗಳಲ್ಲೇ ವ್ಯತ್ಯಾಸ. ಡಬ್ಬಿಯ ಮೇಲಿನ ನಂಬರ್ ಮತ್ತು ಬಿಲ್ಲಿನ ನಂಬರ್ ತಾಳೆ ನೋಡಿಯೇ ದುಡ್ಡು ಕೊಡಿ.